ನೀಲಿ ಬರುವ ತನಕ

ಬಾ ತಂಗೀ, ಬಾಗಿಲಿಗೆ ಅಡ್ಡ ನಿಲ್ಲಬೇಡ, ನನಗೆ ಬೆಳಕು ಬೇಕು.
ಮಾಜಾಳಿಯಿಂದ ಬಂದವಳಲ್ಲವಾ ನೀನು,
ತಾಂಡೇಲರ ಮನೆಗೆ, ಹೋದ ತಿಂಗಳು?
ಮೂಗು ನೋಡಿಯೇ ಗೊತ್ತಾಯಿತು, ಅಪ್ಪನದೇ ಮೂಗು.
ಅವನ ಸ್ಟೋವಿಗೂ ನಾನೇ ವಾಯ್ಸರ್ ಹಾಕಿದ್ದು.

ಕೊಡು ಇಲ್ಲಿ. ಹಿತ್ತಾಳೆ ಒಳ್ಳೆಯದಿದೆ,
ಕೋಡಿಬಾಗದ ಗಾಳಿಗೆ ಕಿಲುಬು ಹತ್ತಿದೆ ಅಷ್ಟೆ.
ಕಾಳಿ ನದಿ ಸಮುದ್ರ ಸೇರುವಲ್ಲಿ
ಯಾವ ಲೋಹಕ್ಕೂ ನಿದ್ದೆಯಿಲ್ಲ.
ಸಾರಿಗೆ ಹಿಂಡಿ ಉಳಿದ ಮುರುಗಲ ಸಿಪ್ಪೆ ಎಸೆಯಬೇಡ,
ಅದರಲ್ಲೇ ತಿಕ್ಕು. ಮರಳು ಬೇಡ, ಗೀರು ಬೀಳುತ್ತದೆ.

ಚಿಮಣಿ ಎಣ್ಣೆ ಮುಕ್ಕಾಲು. ಕಂಠದವರೆಗೆ ತುಂಬಿದರೆ
ಗಾಳಿ ಎಲ್ಲಿ ಕೂರಬೇಕು?
ಉರಿಯುವುದು ಎಣ್ಣೆ, ಮೇಲೆ ದೂಡುವುದು ಗಾಳಿ.
ರೇಷನ್ನಿನದಾದರೆ ಒಂದು ರಾತ್ರಿ ನಿಲ್ಲಿಸಿ ಸೋಸು,
ಅಡಿಯಲ್ಲಿ ನೀರಿರುತ್ತದೆ, ಅಂಗಡಿಯವನ ಪುಣ್ಯ.
ಚೆಲ್ಲಿದ್ದನ್ನು ಒರೆಸು. ಒರೆಸಿದ ಬಟ್ಟೆ ಹೊರಗೆ.
ಬಿಸಿ ಇರುವಾಗ ಮುಚ್ಚಳ ಬಿಚ್ಚಬೇಡ,
ಅತ್ತೆ ಕೂಗಲಿ, ಗಂಡನ ಬೋಟು ದಡ ಹತ್ತಿರಲಿ,
ಅಕ್ಕಿ ಅರ್ಧವೇ ಬೆಂದಿರಲಿ.

ನೈಲಾನ್ ಸೀರೆ ಪೆಟ್ಟಿಗೆಗೆ. ಸೆರಗು ಸೊಂಟಕ್ಕೆ.
ಪಕ್ಕದಲ್ಲಿ ಒದ್ದೆ ಗೋಣಿ. ನೀರು ಎರಚುತ್ತಾರಾ ಯಾರಾದರೂ?
ಬೈತಖೋಲ ಬಂದರಿನಲ್ಲಿ ಡೀಸೆಲ್ಲು
ನೀರಿನ ಬೆನ್ನೇರಿ ಹೋಗುವುದು ನೋಡಿದ್ದೀಯಲ್ಲ,
ಬೆಂಕಿಯೂ ಹಾಗೇ ಹೋಗುತ್ತದೆ.

ಈಗ ಸ್ಕ್ರೂ ಸಡಿಲ. ಬಟ್ಟಲಿಗೆ ಸ್ಪಿರಿಟ್.
ಕಡ್ಡಿ ಗೀರು, ಮುಖ ಹಿಂದೆ.
ಬರ್ನರ್ ಕಾಯಲಿ. ನೀನೂ ಕಾಯಿ.
ಸ್ಪಿರಿಟ್ ಮುಗಿಯುತ್ತ ಬಂತೋ, ಸ್ಕ್ರೂ ಬಿಗಿ,
ಪಂಪು ಒಂದು, ಎರಡು, ಸಾಕು.
ಹಳದಿ ಎದ್ದರೆ ಅವಸರಪಟ್ಟು ಹೊಡೆಯಬೇಡ,
ಸ್ಕ್ರೂ ತಿರುವು, ಗಾಳಿ ಹೋಗಲಿ, ತಾನೇ ಕೂರುತ್ತದೆ.
ಕೂರದ ಸ್ಟೋವು ಮೂವತ್ತು ವರ್ಷದಲ್ಲಿ ಈ ಅಂಗಡಿಗೆ ಬಂದಿಲ್ಲ.

ಒಂದು ಬಂದಿತ್ತು, ಕೂರದ್ದು ಅಂತ,
ಒಣ ಗೋಣಿಯಲ್ಲಿ ಸುತ್ತಿ ಪೊಲೀಸರೇ ತಂದರು.
ಬಿಣಗಾದ ಸುಲಭಾ. ಇಪ್ಪತ್ತೊಂದು ವರ್ಷ.
ನೀನು ಕೂತಲ್ಲೇ ಕೂತು ಕಲಿತವಳು.
ಟ್ಯಾಂಕು ಇಡೀ ಇತ್ತು. ಬೆಸುಗೆ ಬಿಟ್ಟಿರಲಿಲ್ಲ.
ನಾನು ಹಾಕಿದ ವಾಯ್ಸರ್ ಮೆತ್ತಗೆ ಹಾಗೇ.
ಮುರುಗಲಲ್ಲಿ ತಿಕ್ಕಿದ ಹೊಳಪು ಬಟ್ಟಲಿನಲ್ಲಿ,
ಆ ದಿನ ಕಡ್ಡಿಯೇ ತಾಗಿರಲಿಲ್ಲ ಅದಕ್ಕೆ.
ಎಣ್ಣೆ ಮುಕ್ಕಾಲು. ಹೇಳಿದ ಹಾಗೆ, ಮುಕ್ಕಾಲು.

ಹೇಳಿದೆ ಎಲ್ಲ. ಹವಾಲ್ದಾರ ಚಾ ತರಿಸಿದ,
ಪಂಚನಾಮೆ ಮುಂದಿಟ್ಟ. ಮೊದಲೇ ಬರೆದಾಗಿತ್ತು:
ಸ್ಟೋವ್ ಸಿಡಿದು.
ಮಗಳ ಮದುವೆಗೆ ಎರಡೇ ವಾರ ಉಳಿದಿತ್ತು ನನಗೆ.
ಅದು ಕಾರಣವಲ್ಲ, ನೆಪ.
ಸಹಿ ಹಾಕಿದೆ, ವಿಠೋಬ ಪುರ್ಸು ಗುನಗಿ.
ಅಕ್ಷರ ಚಂದ ಬಂತು.

ನಿನ್ನನ್ನು ಹೆದರಿಸಲಿಕ್ಕೆ ಹೇಳಿದ್ದಲ್ಲ ಇದು.
ಅಲ್ಲ, ಹೆದರಿಸಲಿಕ್ಕೇ.

ತಿರುಗಿಸು ಸ್ಟೋವು. ಮೊಳೆಯಲ್ಲಿ ಕೊರೆದಿದ್ದೇನೆ ಅಡಿಗೆ:
ನನ್ನ ಹೆಸರು, ಇವತ್ತಿನ ತಾರೀಕು, 'ನೋಡಿದೆ, ಸರಿ ಇದೆ.'
ಸುಲಭಾ ಹೋದ ಮೇಲೆ ಯಾವುದನ್ನೂ ಹಾಗೇ ಕಳಿಸಿಲ್ಲ.
ಮನೆಗೆ ಹೋಗಿ ಅತ್ತೆಗೆ ತೋರಿಸು, ಗಂಡನಿಗೆ ತೋರಿಸು,
ನಗುತ್ತಾ ತೋರಿಸು: ಮುದುಕನಿಗೆ ಹುಚ್ಚು,
ಮದುವೆ ಪಾತ್ರೆಗೆ ಹಾಕಿದ ಹಾಗೆ ಸ್ಟೋವಿಗೂ ಹೆಸರು ಹಾಕಿದ್ದಾನೆ ಅಂತ.
ಅವರು ಒಳ್ಳೆಯವರೇ ಇರಬಹುದು. ಇರಲಿ. ಓದಲಿ.
ಇದು ಸಿಡಿಯುವುದಾದರೆ
ನನ್ನನ್ನು ಕೇಳಿ ಸಿಡಿಯಬೇಕು.
ಈ ಸಲ ಚಾ ಕುಡಿಯುವುದಿಲ್ಲ ನಾನು.

ಹಚ್ಚು ಈಗ, ನೀನೇ.
ಸ್ಕ್ರೂ... ಹಾಂ. ಕೈ ನಡುಗಿದರೆ ಕಡ್ಡಿ ಆರಿಸಿ ಇನ್ನೊಂದು ತಗೋ,
ಪೆಟ್ಟಿಗೆಯಲ್ಲಿ ಐವತ್ತಿವೆ.
ಹಳದಿ. ಇರಲಿ.
ತಾಳು.
ಕೇಳಿತಾ, ಭುಸ್ ಅನ್ನುವುದು ಸುಂಯ್ ಆಯಿತು?
ನೀಲಿ.

ಆರಿಸಿ ಇಡು, ತಣ್ಣಗಾದ ಮೇಲೆ ಎತ್ತು.
ಎರಡು ರೂಪಾಯಿ ವಾಯ್ಸರಿಗೆ. ಪಿನ್ನು ಪುಕ್ಕಟೆ,
ಮೂರಿವೆ, ಕಾಗದದಲ್ಲಿ ಸುತ್ತಿದ್ದೇನೆ.
ತುಕ್ಕು ಹಿಡಿದರೆ ಬಾ.
ಹಿಡಿಯದಿದ್ದರೂ, ಪೇಟೆಗೆ ಬಂದಾಗ,
ಸುಮ್ಮನೆ ಬಾಗಿಲಲ್ಲಿ ಒಮ್ಮೆ ನಿಂತು ಹೋಗು.