ಎಡಗಡೆಯ ನೀರು

ಮೂವತ್ತೊಂದು ವರ್ಷ ಈ ನೀರನ್ನು
ಎಡಗಡೆ ಇಟ್ಟುಕೊಂಡೇ ಬಸ್ಸು ಬಿಟ್ಟವನು ನಾನು,
ಬುಸೇಯೊ ಬಂದರಿನಿಂದ ಹಳೇಪೇಟೆಯವರೆಗೆ.
ವಾಪಸು ಬರುವಾಗ ಅದು ಬಲಕ್ಕೆ,
ನಿಂತವರ ಮೊಣಕೈ ಸಂದಿಯಲ್ಲಿ
ಆಗೊಮ್ಮೆ ಈಗೊಮ್ಮೆ ಒಂದು ಚೂರು.
ಹೊಳೆಯೋ ಕಡಲೋ ಎಂದು ಮೊಂಟೆವಿಡಿಯೊದಲ್ಲಿ
ಇನ್ನೂ ಜಗಳ ಹರಿದಿಲ್ಲ.
ಕಂದಾಗಿದ್ದ ದಿನ ಹೊಳೆ ಅನ್ನುತ್ತಾರೆ, ಹಸಿರಾದರೆ ಕಡಲು.
ನನಗದು ಎಡಗಡೆ. ಅಷ್ಟೇ.

ಇವತ್ತು ನಿಬಿಯಾ ಕರೆದಳು.
ನಿಬಿಯಾ ಅಂದರೆ ನನ್ನ ಕಂಡಕ್ಟರು, ಹತ್ತೊಂಬತ್ತು ವರ್ಷ
ನನ್ನ ಬೆನ್ನ ಹಿಂದೆ ಚಿಲ್ಲರೆ ಕುಲುಕಿದವಳು,
"ಒಳಗೆ ನಡೀರಿ, ಹಿಂದೆ ಜಾಗ ಇದೆ" ಎಂದು
ಇಲ್ಲದ ಜಾಗವನ್ನು ದಿನಕ್ಕೆ ನೂರು ಸಲ ಹಂಚಿದವಳು.
ನಿವೃತ್ತಿಯ ದುಡ್ಡಲ್ಲಿ ಎಲ್ಲರೂ ಫ್ರಿಜ್ಜು ಕೊಂಡರೆ
ಇವಳು ಯಾರೋ ಹಲ್ಲಿನ ಡಾಕ್ಟರ ಹಳೇ ಹಾಯಿದೋಣಿ ಕೊಂಡಳು.
ಪಟಕ್ಕೆ ಎರಡು ತೇಪೆ. ಪಕ್ಕದಲ್ಲಿ ಅರ್ಧ ಕೆರೆದು ಬಿಟ್ಟ ಹೆಸರು.

"ಹತ್ತು, ವಿಲ್ಮಾರ್. ಅಲ್ಲಲ್ಲ, ನಡುವೆ ಕೂರು.
ಬಗ್ಗು ಅಂದಾಗ ಬಗ್ಗಬೇಕು. ಯಾಕೆ ಅಂತ ಕೇಳಬಾರದು."
ಚುಕ್ಕಾಣಿ ಅವಳ ಕಂಕುಳಲ್ಲಿ, ಕೊಡೆಯ ಹಾಗೆ.

ದಡ ಬಿಟ್ಟದ್ದು ಗೊತ್ತೇ ಆಗಲಿಲ್ಲ.
ಇಂಜಿನ್ನಿಲ್ಲವಲ್ಲ, ತೊಡೆ ನಡುಗಲಿಲ್ಲ.
ಮೂಡಲ ಗಾಳಿ ಬೆನ್ನಿಗೆ. ಹಿಂದೆ
ಬುಸೇಯೊದ ಗೋರಿಗಳು ಸಣ್ಣಗಾದವು
(ಇಡೀ ಊರಲ್ಲಿ ಒಳ್ಳೆಯ ನೋಟ ಸತ್ತವರಿಗೆ, ಬಾಡಿಗೆಯೂ ಇಲ್ಲ).
ಪೊಸೀತೊಸ್ ಬಂತು. ಬಸ್ಸಿನಿಂದ ನಾನು ಕಂಡದ್ದೆಲ್ಲ ಬಾಗಿಲು;
ಈ ಮನೆಗಳಿಗೆ ಇಷ್ಟು ಎತ್ತರವಿದೆಯೆಂದು ಯಾರು ಹೇಳಿದ್ದರು?
ಹನ್ನೊಂದನೇ ಮಹಡಿಯಲ್ಲಿ ಒಬ್ಬಾಕೆ ಕಂಬಳಿ ಕೊಡವಿದಳು.
ಪ್ರತಿ ಸ್ಟಾಪಿಗೂ ನನ್ನ ಬಲಗಾಲು
ದೋಣಿಯ ತಳ ಒತ್ತುತ್ತಿತ್ತು.
ನಿಬಿಯಾ ನೋಡಿದಳು, ನೋಡದವಳ ಹಾಗೆ.

ದೀಪಸ್ತಂಭದ ಎದುರು ಗಾಳಿ ಕೈಬಿಟ್ಟಿತು.
ಪಟ, ಪಾಳಿ ಮುಗಿಸಿದವನ ಅಂಗಿ, ಜೋತುಬಿತ್ತು.
ಅವಳು ಫ್ಲಾಸ್ಕು ಬಿಚ್ಚಿ ಸೋರೆಬುರುಡೆಯ ಸೊಪ್ಪಿಗೆ
ಬಿಸಿನೀರು ಹೊಯ್ದು ಕೊಳವೆ ನನ್ನತ್ತ ತಿರುಗಿಸಿದಳು.
ಕಹಿ, ಸುಡುವಷ್ಟು ಬಿಸಿ.

"ಆ ಸ್ಟಾಪು ನೆನಪಿದೆಯಾ?" ನಾನೇ ಕೇಳಿದೆ.
"ಕೊನೇ ಬಸ್ಸಿಗೆ ಹತ್ತುತ್ತಿದ್ದ ಮಾಣಿ. ಬಿಳಿ ಅಂಗಿ.
ಹತ್ತಿ, ಮುಂದಿನ ಸ್ಟಾಪಲ್ಲೇ ಇಳಿಯುತ್ತಿದ್ದ.
ಮುನ್ನೂರು ಮೀಟರು. ಪೂರ್ತಿ ಟಿಕೆಟ್ಟು.
ಕನ್ನಡಿಯಲ್ಲಿ ನೋಡಿ ನೋಡಿ ಹುಚ್ಚ ಅಂದುಕೊಂಡಿದ್ದೆ."

"ಎಲ್ವಿಯೊ," ಅಂದಳು. "ಹೋಟೆಲಲ್ಲಿ ಒಂಬತ್ತು ತಾಸು ನಿಂತೇ.
ಮನೆಯಲ್ಲಿ ಕಾಯಿಲೆಯ ತಮ್ಮ, ಎತ್ತಿ ಇಳಿಸಬೇಕು.
ಎರಡರ ನಡುವೆ ಒಂದ್ಸಲ ಕೂತುಬಿಡ್ತೀನಿ, ಅಂತಿದ್ದ.
ನಾನು ಟಿಕೆಟ್ಟು ಹರಿದದ್ದು ಮೊದಲ ವಾರ ಮಾತ್ರ."

"ನನಗೆ ಹೇಳಲೇ ಇಲ್ಲ ನೀನು."

"ಬರೆದಿತ್ತಲ್ಲ, ನಿನ್ನ ತಲೆಯ ಮೇಲೇ:
ಚಾಲಕರೊಡನೆ ಮಾತಾಡಬಾರದು."

ನಗಬೇಕಿತ್ತು. ನಕ್ಕೆ ಕೂಡ.
ಆಮೇಲೆ ಲೆಕ್ಕ ಹಾಕಿದೆ. ಮುನ್ನೂರು ಮೀಟರಿಗೆ
ನಲವತ್ತು ಸೆಕೆಂಡು. ರಾತ್ರಿ, ರಸ್ತೆ ಖಾಲಿ,
ಮನೆ ಸೇರುವ ಆತುರಕ್ಕೆ ಮೂವತ್ತರಲ್ಲೇ ಮುಗಿಸುತ್ತಿದ್ದೆ.
ಹತ್ತು ಸೆಕೆಂಡು. ದಿನಾ.

ದಡದಲ್ಲೊಂದು ಬಸ್ಸು, ಸೋಪಿನ ಡಬ್ಬಿಯಷ್ಟು,
ಅದೇ ಸ್ಟಾಪಲ್ಲಿ ನಿಂತು
ಯಾರನ್ನೋ ಹತ್ತಿಸಿಕೊಂಡು ಹೋಯಿತು.
ಇಷ್ಟು ದೂರಕ್ಕೆ ಸದ್ದಿಲ್ಲ.

"ಬಗ್ಗು!"
ಗಾಳಿ ತೆಂಕಲಿಂದ ಬಂದಿತ್ತು, ನನಗೆ ತಡವಾಯಿತು.
ಪಟದ ಮರ ತಲೆ ಬಿಟ್ಟು ಟೊಪ್ಪಿಗೆ ಮಾತ್ರ ಒಯ್ದಿತು,
ಕಂಪನಿಯ ಟೊಪ್ಪಿಗೆ, ನಂಬರಿನ ಬಿಲ್ಲೆ ಸಮೇತ.
"ಹೋಗಲಿ ಬಿಡು," ಅಂದೆ, "ಹಳೇದು."
ಅವಳು ಕೇಳಿಸಿಕೊಳ್ಳಲಿಲ್ಲ.
ಸುತ್ತು ಹೊಡೆದಳು. ತಪ್ಪಿತು. ಮತ್ತೆ ಸುತ್ತು.
ಪಟ ಬಡಿದುಕೊಂಡಿತು, ಹಗ್ಗ ನನ್ನ ಅಂಗೈ ಸುಟ್ಟಿತು.
ಮೂರನೆಯ ಸಲಕ್ಕೆ ಸಿಕ್ಕಿತು.

ಟೊಪ್ಪಿಗೆಗೆಂದು ಬಸ್ಸು ತಿರುಗಿಸುತ್ತಿದ್ದೆನೆ ನಾನು?
ಮನುಷ್ಯರಿಗೇ ತಿರುಗಿಸಿದ್ದಿಲ್ಲ.

ಒದ್ದೆ ಟೊಪ್ಪಿಗೆ ಮಂಡಿಯ ಮೇಲಿಟ್ಟು ಕೂತೆ.
ನೀರು ಈಗ ಬಲಗಡೆ, ಎಡಗಡೆ, ಕೆಳಗೆ.
ಬುಸೇಯೊ ಇನ್ನೂ ದೂರ.
"ನಿಧಾನಕ್ಕೆ ಹೋಗು,"
ಅಂದೆ, ಚಾಲಕಿಗೆ.