ಅಂಚಿನಲ್ಲಿ ಒಂದು ಲೋಟ

ಬೆಳಗಿನ ಐದಕ್ಕೆ ಕಂಟೇನರಿನ ಈ ದವಾಖಾನೆ ತೆರೆದರೆ
ಮೊದಲು ಒಳಬರುವುದು ದುಕ್ಮ್ ಬಂದರಿನ ಉಸುಕು,
ಆಮೇಲೆ ಮಯ್ಯದ್ದಿ, ತೋಳು ಆಗಲೇ ಮಡಚಿಕೊಂಡು.

ನೂರಾ ಅರವತ್ತು ದಾಟಿದರೆ ಕ್ರೇನು ಹತ್ತುವಂತಿಲ್ಲ.
ನಿಯಮ ಕಂಪನಿಯದು, ಪಟ್ಟಿ ಸುತ್ತುವ ಕೈ ನನ್ನದು.
ರಬ್ಬರಿನ ಬುಂಡೆ ಹಿಚುಕುತ್ತ ನಾನು,
ಪಾದರಸದ ಕಡೆ ನೋಡದೆ ಬಾಯೊಳಗೇ ಏನೋ ಓದುತ್ತ ಅವನು.
ನೂರಾ ಎಪ್ಪತ್ತೆರಡು.
"ಇನ್ನೊಮ್ಮೆ ಹಿಡಿ ಮಾರಾಯ, ಮೆಟ್ಟಿಲು ಓಡಿ ಹತ್ತಿದ್ದು ನಾನು."
ಕಂಟೇನರಿಗೆ ಇರುವುದು ಒಂದೇ ಮೆಟ್ಟಿಲು.
"ಮೇಲೆ ಹೋದರೆ ಸರಿಯಾಗ್ತದೆ. ಇದು ಏರುವುದು
ನಾನು ಕೆಳಗಿರುವಾಗ ಮಾತ್ರ."

ಸುದ್ದಿ ಕೇಳಿ ಗೇಟಿನ ಇದ್ರೀಸ್, ಸುಡಾನಿನವ,
ಥರ್ಮಾಸಿನ ತುಂಬ ಕೆಂಪು ಕಷಾಯ ತಂದ. ಕರ್ಕದೇ.
ನಮ್ಮಜ್ಜಿ ರಕ್ತಕ್ಕೆ ಹಾಕುತ್ತಿದ್ದ ಲಗಾಮು, ಎಂದ.
ಒಣಗಿದ ಹೂಬಟ್ಟಲೊಂದನ್ನು ನನ್ನ ಅಂಗೈಗೂ ಇಟ್ಟ.
ನಾಲಿಗೆಗೆ ಮೊದಲು ಗೊತ್ತಾಯಿತು, ಆಮೇಲೆ ನನಗೆ:
ಇದು ನಮ್ಮ ಪುಂಡಿ!
ಲಿಂಗಸುಗೂರಿನ ತೊಗರಿ ಹೊಲದ ಬದುವಿನ ಪುಂಡಿ.
ಸೊಪ್ಪು ಕುದಿಸಿ ರೊಟ್ಟಿಗೆ ಹಚ್ಚಿಕೊಂಡೆವು,
ನಾರು ಸುಲಿದು ಕರುವಿಗೆ ಕಣ್ಣಿ ಹೊಸೆದೆವು,
ಈ ಕೆಂಪು ಬಟ್ಟಲನ್ನು ಮಾತ್ರ
ಆಡು ತಿಂದರೆ ತಿನ್ನಲಿ ಎಂದು ಬಿಟ್ಟೆವು.

ಮಾತ್ರೆ ಬಿಡಬೇಡ ಅಂದಿದ್ದೆ. ಬಿಡಲಿಲ್ಲ, ಪಾಪ.
ಮಾತ್ರೆಯನ್ನೂ ನುಂಗಿದ, ದಿನಕ್ಕೆ ಎರಡು ಥರ್ಮಾಸು ಕುಡಿದ,
ಅದರ ಮೇಲೆ ಮೆಸ್ಸಿನ ಯಾರೋ ಕೊಟ್ಟ
ಬೆಳ್ಳುಳ್ಳಿ ಸತ್ವದ ಕ್ಯಾಪ್ಸೂಲು, ನುಗ್ಗೆಸೊಪ್ಪಿನ ಪುಡಿ.
ಹನ್ನೊಂದನೆಯ ದಿನ ತೊಂಬತ್ತು, ಕೆಳಗಿನದು ಐವತ್ತಾರು.
ಎದ್ದು ನಿಂತವನು ಗೋಡೆ ಹಿಡಿದ.
"ಹತ್ತುವಂತಿಲ್ಲ."
"ಎಂತ? ಇಳಿಯಿತಲ್ಲ!"
"ಇಳಿದದ್ದಕ್ಕೇ."
ನಗು ಬಂತು ಅವನಿಗೆ,
ಕುಡಿಯುತ್ತಿದ್ದ ಉಪ್ಪುನೀರು ನೆತ್ತಿಗೇರುವಷ್ಟು.

ರಿಜಿಸ್ಟರಿನಲ್ಲಿ ಮಾತ್ರೆಗೊಂದು ಕಾಲಮ್ಮಿದೆ, ಹೂವಿಗಿಲ್ಲ.
ಡಾಕ್ಟರಿಗೆ ಫೋನು ಹಚ್ಚಿ ಎಲ್ಲ ಹೇಳಿ, ಬೈಸಿಕೊಂಡು,
ಅಂಚಿನಲ್ಲಿ ಸಣ್ಣಗೆ ಬರೆದೆ: ಒಂದು ಲೋಟ.
ಈಗ ನೂರಾ ಮೂವತ್ತೆಂಟು, ನಲವತ್ತು, ಮೂವತ್ತಾರು.
ಯಾವುದರಿಂದ ಎಂದು ನನ್ನನ್ನು ಕೇಳಬೇಡಿ.

ಚೀಲದ ತಳದಲ್ಲಿ ಸಿಕ್ಕ ಮೂರು ಬೀಜಗಳನ್ನು
ಪೇಂಟಿನ ಡಬ್ಬಿಯಲ್ಲಿ ಊರಿದೆ,
ಏಸಿ ತೊಟ್ಟಿಕ್ಕುವ ಕಡೆ.
ಒಂದು ಎದ್ದಿತು.
ಐದೆಲೆಯಾದ ದಿನ ಚಿವುಟಲು ಬಾಗಿದರೆ
ಗೇಟಿನಿಂದಲೇ ಇದ್ರೀಸನ ಕೂಗು: ಬಿಡು, ಹೂವಾಗಲಿ!
ರೊಟ್ಟಿ ಇಲ್ಲದ ಊರಿನವನಿಗೆ
ಈ ಹುಳಿಯನ್ನು ಹೇಗೆ ಹೇಳಲಿ.

ಬಾಗಿದ್ದೆ ಇನ್ನೂ.
ಮೇಲೆ ಕ್ರೇನಿನ ತೋಳು ನಿಧಾನ ತಿರುಗಿತು.
ಅದರ ನೆರಳು ನನ್ನ ಬೆನ್ನ ಮೇಲೆ, ಡಬ್ಬಿಯ ಮೇಲೆ,
ಒಂದು ಗಳಿಗೆ ನಿಂತು ಹೋಯಿತು.