ಮೊದಲ ಪ್ರತಿ

ಸ್ಟೆನ್ಸಿಲ್ ಹೊಡೆಯುವಾಗ ರಿಬ್ಬನ್ ತೆಗೆದುಬಿಡಬೇಕು.
ಬರೆದದ್ದು ಬರೆದವಳಿಗೇ ಕಾಣುವುದಿಲ್ಲ.
ಬರಿಯ ಉಕ್ಕಿನ ಅಚ್ಚು ಮೇಣದ ಹಾಳೆಗೆ ಬಡಿದು
ಅಕ್ಷರದ ಆಕಾರಕ್ಕೆ ಒಂದು ಗಾಯ.
ಮಸಿ ಬರುವುದು ಆಮೇಲೆ, ಆ ಗಾಯದಿಂದ.

ಇದನ್ನು ಹೇಳಿಕೊಟ್ಟವರು ಧರಣೇಂದ್ರಯ್ಯನವರು,
ಹಾಸನದ ಕೈಗಾರಿಕಾ ವಸಾಹತಿನ ಏಳನೇ ಶೆಡ್ಡಿನಲ್ಲಿ,
ಅರವತ್ತೆಂಟರಲ್ಲಿ.
ಹೊರಗೆ ಬೋರ್ಡು: ಪದ್ಮಾವತಿ ಡೂಪ್ಲಿಕೇಟರ್ಸ್.
ಒಳಗೆ ಒಂದು ಲೇತು,
ಡ್ರಮ್ಮು ಕಡೆಯುವ ದಸ್ತಗೀರ್ ಸಾಬರು,
ಬಾಗಿಲ ಬಳಿ, ಪ್ರತಿ ಯಂತ್ರಕ್ಕೂ ಮೊದಲ ಹಾಳೆ ತೆಗೆಯಲು,
ಟೈಪಿಂಗ್ ಸೀನಿಯರ್ ಪಾಸಾದ ಫಿಲೋಮಿನಾ, ನಾನು.

ಸೀಮೆಯ ಹಾಳೆಗಳಲ್ಲಿ ಕನ್ನಡದ ಸೊನ್ನೆ ಉದುರುತ್ತಿತ್ತು.
ತುಸು ಜೋರಾಗಿ ಹೊಡೆದರೆ ದುಂಡನೆಯ ನಡುವು ಕಳಚಿ
'ಅಂಗಡಿ'ಯ ಮಧ್ಯೆ ಒಂದು ಕಪ್ಪು ಗುಳಿಗೆ.
ಠ ಅಂತೂ ಪೂರಾ ಇಲಿ ಹಿಕ್ಕೆ.
ಯಜಮಾನರು ಮೂರು ವರ್ಷ ಮನೆಯಲ್ಲಿ ಮೇಣ ಕಾಯಿಸಿದರು.
ಅವರ ಹೆಂಡತಿ ಒಲೆ ಬಿಟ್ಟುಕೊಟ್ಟು
ಬಚ್ಚಲ ಉರಿಯಲ್ಲಿ ಅನ್ನ ಮಾಡಿದರು.
ಕೊನೆಗೆ ಜಾಹೀರಾತಿನಲ್ಲಿ ಒಂದೇ ಸಾಲು:
ನಮ್ಮಲ್ಲಿ ಸೊನ್ನೆ ಉದುರುವುದಿಲ್ಲ.
ತಾಲ್ಲೂಕು ಕಚೇರಿಯ ಗುಮಾಸ್ತರು ಓದಿ ನಕ್ಕರಂತೆ,
'ಒಂದೆರಡು ಉದುರಿದರೇ ನಮಗೆ ಲಾಭ ಸ್ವಾಮಿ.'
ಆದರೂ ನಾಲ್ಕು ಯಂತ್ರ ಕೊಂಡರು.

ಇಂಗ್ಲಿಷಿಗೆ ಒಂದು ನರಿ, ಒಂದು ನಾಯಿ ಇವೆ,
ಒಂದೇ ನೆಗೆತಕ್ಕೆ ಎಲ್ಲ ಅಕ್ಷರ ಬರುವ ಹಾಗೆ.
ನನಗೆ ಯಾರೂ ಅಂಥದ್ದು ಕೊಡಲಿಲ್ಲ.
'ನೀನೇ ಏನಾದರೂ ಹೊಡಿಯಮ್ಮ' ಅಂದರು.
ಹೊಡೆದೆ.
ಒಂದನೇ ಯಂತ್ರಕ್ಕೆ: ಛತ್ರಿ ಮರೆತವರಿಗೆ ಢಾಳಾದ ಬಿಸಿಲು ಫುಕ್ಕಟೆ.
ನಲವತ್ತಕ್ಕೆ: ಔಷಧ ಮುಗಿಯಿತು, ಅಮ್ಮನ ಕೆಮ್ಮು ಉಳಿಯಿತು.
ನೂರಾ ಒಂದರದ್ದು ಹೇಳಲಾರೆ,
ಆ ವರ್ಷ ಒಬ್ಬರು ದಿನಾ ಶೆಡ್ಡಿನೆದುರು
ಸೈಕಲ್ಲಿನ ಚೈನು ಸರಿಮಾಡುತ್ತಿದ್ದರು.

ಮೊದಲ ಪ್ರತಿ ರಿಜಿಸ್ಟರಿಗೆ ಅಂಟಿಸಿ, ನಂಬರು, ವಿಳಾಸ.
ಅರೇಹಳ್ಳಿಯ ಎಸ್ಟೇಟು. ಬಾಗೂರಿನ ಸೊಸೈಟಿ. ಕೋಣನೂರು ಹೈಸ್ಕೂಲು.

ಎಪ್ಪತ್ತಾರರ ಒಂದು ಶನಿವಾರ
ಪೊಲೀಸರು ಕರಪತ್ರ ಹಿಡಿದು ಬಂದರು.
ಯಾರು ಬರೆದದ್ದೋ ಬೇಡ, ಯಾವ ಯಂತ್ರದ್ದು ಹೇಳಿ.
ಮೂರನೇ ಸಾಲಿನ ಕೆಳಗೆ ಕೂದಲೆಳೆಯಷ್ಟು ಗೀರು.
ದಸ್ತಗೀರ್ ಸಾಬರು ನೋಡಿದರು. ನಾನೂ ನೋಡಿದೆ.
ಡ್ರಮ್ಮಿನ ಆ ಗೀರು ಇಬ್ಬರಿಗೂ ಗೊತ್ತು,
ಹೆತ್ತವರಿಗೆ ಮಗುವಿನ ಮಚ್ಚೆ ಗೊತ್ತಿರುವ ಹಾಗೆ.
ಇನ್ನೂರ ಹದಿನಾಲ್ಕು. ಕೋಣನೂರು.
ಅಲ್ಲಿ ಪ್ರಶ್ನೆಪತ್ರಿಕೆ ಕೋಣೆಯ ಬೀಗದ ಕೈ
ಡ್ರಾಯಿಂಗ್ ಮೇಷ್ಟ್ರು ಜವರಪ್ಪನವರ ಸೊಂಟದಲ್ಲಿ.

ಸೋಮವಾರ ರಿಜಿಸ್ಟರ್ ಕೊಡುತ್ತೇವೆ ಅಂದರು ಯಜಮಾನರು.
ವ್ರತದವರು, ಸುಳ್ಳು ಆಡರು. ಅವರಿಗೆ ಹೇಳಲಿಲ್ಲ.
ಭಾನುವಾರ ಚರ್ಚಿನ ಪೂಜೆ ತಪ್ಪಿಸಿ ಶೆಡ್ಡು ತೆಗೆಸಿದೆ.
ಅದೇ ಸಾಲುಗಳು, ಅದೇ ಒಂದು ತಪ್ಪು,
ತಪ್ಪಿನ ಮೇಲೆ ಅದೇ ಕೆಂಪು ದ್ರವದ ತೇಪೆ,
ಗೀರಿಲ್ಲದ ಹೊಸ ಡ್ರಮ್ಮು.
ಹಾಳೆಗೆ ಕಾಫಿ ಡಿಕಾಕ್ಷನ್ನಿನ ವಯಸ್ಸು ಕೊಟ್ಟು
ಬಲ್ಬಿನ ಕೆಳಗೆ ಒಣಗಿಸಿದೆ.
ದಸ್ತಗೀರ್ ಸಾಬರು ಏನೂ ಕೇಳದೆ
ಮೈದಾ ಅಂಟು ಕುದಿಸಿ ತಂದಿಟ್ಟರು.
ಇಷ್ಟು ವರ್ಷ ನಕಲು ತೆಗೆದ ಕೈ ನನ್ನದು,
ನಕಲಿ ಮಾಡಿದ್ದು ಅದೊಂದೇ.

ಸಬ್ ಇನ್‌ಸ್ಪೆಕ್ಟರು ಭೂತಗನ್ನಡಿ ಇಟ್ಟು ಪುಟ ಪುಟ ನೋಡಿದರು.
ಏಳುವಾಗ ಕೇಳಿದರು, 'ಈ ಸಾಲೆಲ್ಲ ಯಾರದ್ದಮ್ಮ?'
'ಯಾರದ್ದೂ ಅಲ್ಲ ಸಾರ್, ಮಸಿ ಪರೀಕ್ಷೆಗೆ.'

ಆಮೇಲೆ ಬಸ್ ಸ್ಟ್ಯಾಂಡಿನೆದುರು ಝೆರಾಕ್ಸ್ ಬಂತು.
ಹಸಿರು ಬೆಳಕು, ಒಂದು ರೂಪಾಯಿ,
ಯಾವ ಅಕ್ಷರಕ್ಕೂ ನೋವಿಲ್ಲ.
ಆರುನೂರ ಹನ್ನೆರಡಕ್ಕೆ ನಾವು ನಿಂತೆವು.
ಡ್ರಮ್ಮುಗಳು ಕೇಜಿ ಲೆಕ್ಕದಲ್ಲಿ ಗುಜರಿಗೆ ಹೋದವು.
ಮೇಣದ ಹದ ಎಲ್ಲೂ ಬರೆದಿಟ್ಟಿರಲಿಲ್ಲ,
ಯಜಮಾನರ ಜೊತೆಗೇ ಹೋಯಿತು.

ಅಸಲು ಇನ್ನೂರ ಹದಿನಾಲ್ಕು ನನ್ನ ಜಪದ ಪುಸ್ತಕದಲ್ಲಿದೆ.
ಮಡಿಕೆಯಲ್ಲಿ ಹರಿದಿದೆ, ಸೊನ್ನೆಗಳೆಲ್ಲ ನೆಟ್ಟಗಿವೆ.
ಮೂರನೇ ಸಾಲು: ಝರಿಗೆ ಯಾರು ಠಸ್ಸೆ ಒತ್ತುತ್ತಾರೆ?
ಅದರ ಕೆಳಗೆ ಆ ಗೀರು,
ಯಾರೋ ಓದಿ, ಇಷ್ಟವಾಗಿ,
ಅಡಿಗೆರೆ ಎಳೆದ ಹಾಗೆ.